ವಿಷ ಉಂಡವರ ಋಣ

ಮೊನ್ನೆ ಸಂಜೆ ಮೊಮ್ಮಗಳ ಕೈಯಲ್ಲಿದ್ದ ಕಪ್ಪು ಚಾಕೊಲೇಟಿನ ಹೊದಿಕೆಯನ್ನು ಭೂತಗನ್ನಡಿ ಹಿಡಿದು ಓದಲು ಕೂತೆ. ಕೋಕೊ, ಸಕ್ಕರೆ, ಆಮೇಲೆ 322, 476 ಎಂಬ ಅಂಕಿಗಳು. ಮೊದಲನೆಯದು ಲೆಸಿಥಿನ್, ಎರಡನೆಯದು ಚಾಕೊಲೇಟ್ ಸಲೀಸಾಗಿ ಹರಿಯಲು ಬೆರೆಸುವ ಪದಾರ್ಥ. ಸೀಸ, ಕ್ಯಾಡ್ಮಿಯಂ ಎಂಬ ಹೆಸರುಗಳು ಮಾತ್ರ ಅಲ್ಲಿರಲಿಲ್ಲ. ಇರುವುದೂ ಇಲ್ಲ. ಕಾಲೇಜಿನಲ್ಲಿ ಮೂರು ದಶಕ ರಸಾಯನ ವಿಜ್ಞಾನ ಬೋಧಿಸಿ ನಿವೃತ್ತನಾದ ನನಗೆ ಇಂಥ ಹೊತ್ತಿನಲ್ಲಿ ನೆನಪಾಗುವ ಹೆಸರು ಒಂದೇ: ಹಾರ್ವೆ ವಾಷಿಂಗ್ಟನ್ ವೈಲಿ.

1844ರ ಅಕ್ಟೋಬರ್‌ನಲ್ಲಿ ಅಮೆರಿಕದ ಇಂಡಿಯಾನಾ ಸಂಸ್ಥಾನದ ರೈತ ಕುಟುಂಬವೊಂದರಲ್ಲಿ, ಮರದ ದಿಮ್ಮಿಗಳ ಮನೆಯಲ್ಲಿ ವೈಲಿ ಹುಟ್ಟಿದ. ಅಂತರ್ಯುದ್ಧದಲ್ಲಿ ಕೆಲಕಾಲ ಸಿಪಾಯಿಯಾಗಿದ್ದ. 1871ರಲ್ಲಿ ವೈದ್ಯ ಪದವಿ ಪಡೆದರೂ ರೋಗಿಗಳ ನಾಡಿ ಹಿಡಿಯುವುದಕ್ಕಿಂತ ಪ್ರನಾಳ ಹಿಡಿಯುವುದೇ ಆತನಿಗೆ ಇಷ್ಟವಾಯಿತು. ಹಾರ್ವರ್ಡ್‌ನಲ್ಲಿ ವಿಜ್ಞಾನ ಕಲಿತು, 1874ರಲ್ಲಿ ಆಗಷ್ಟೇ ತೆರೆದಿದ್ದ ಪರ್ಡ್ಯೂ ವಿಶ್ವವಿದ್ಯಾಲಯದ ಮೊದಲ ರಸಾಯನ ವಿಜ್ಞಾನ ಪ್ರಾಧ್ಯಾಪಕನಾದ. ಪ್ರಾಧ್ಯಾಪಕನಾದವನು ಸೈಕಲ್ ಏರಿ ಊರೆಲ್ಲ ಸುತ್ತುವುದು ಅಲ್ಲಿನ ಆಡಳಿತ ಮಂಡಳಿಗೆ ಸರಿಕಾಣಲಿಲ್ಲ. ಛೀಮಾರಿ ಬಿತ್ತು. ವೈಲಿ ಸೈಕಲ್ ಬಿಡಲಿಲ್ಲ. ಮುಂದೆ ಆತನನ್ನು ಗೆಲ್ಲಿಸಿದ್ದೂ ಸೋಲಿಸಿದ್ದೂ ಈ ಹಠವೇ.

ಅಂಗಡಿಯ ಸಕ್ಕರೆ ಪಾಕಗಳನ್ನು ಪರೀಕ್ಷಿಸಿದಾಗ ಅಗ್ಗದ ಗ್ಲೂಕೋಸಿನ ಬೆರಕೆ ಸಿಕ್ಕಿತು. ಅಲ್ಲಿಂದ ಆತನ ಬದುಕಿನ ದಾರಿ ನಿಶ್ಚಯವಾಯಿತು. 1883ರಲ್ಲಿ ವಾಷಿಂಗ್ಟನ್ನಿನ ಕೃಷಿ ಇಲಾಖೆಯ ಮುಖ್ಯ ರಸಾಯನ ಶಾಸ್ತ್ರಜ್ಞನಾಗಿ ನೇಮಕಗೊಂಡ. ಆ ಕಾಲದ ಅಮೆರಿಕದ ಊಟವನ್ನು ಇಂದು ಊಹಿಸುವುದೂ ಕಷ್ಟ. ಹಾಲು ಕೆಡದಿರಲು ಶವ ಕಾಪಾಡುವ ಫಾರ್ಮಾಲ್ಡಿಹೈಡ್, ಮಾಂಸಕ್ಕೆ ಬೋರಾಕ್ಸ್, ಡಬ್ಬಿಯ ಬಟಾಣಿ ಹಸಿರಾಗಿರಲು ಮೈಲುತುತ್ತ, ಮಕ್ಕಳ ಮಿಠಾಯಿಗೆ ಸೀಸದ ಹಳದಿ ಬಣ್ಣ. ಇವನ್ನೆಲ್ಲ ತಡೆಯುವ ರಾಷ್ಟ್ರಮಟ್ಟದ ಕಾಯ್ದೆ ಇರಲಿಲ್ಲ; ತಿಳಿಸುವ ಚೀಟಿಯೂ ಇರಲಿಲ್ಲ. 1887ರಿಂದ ವೈಲಿಯ ಪ್ರಯೋಗಾಲಯ ಕಲಬೆರಕೆಯ ಬಗ್ಗೆ ಕಂತು ಕಂತಾಗಿ ವರದಿ ಪ್ರಕಟಿಸಿತು. ಮಸೂದೆಗಳು ಸಂಸತ್ತಿಗೆ ಬಂದವು, ಅಲ್ಲೇ ಸತ್ತವು. ಅಂಕಿಅಂಶಗಳಿಗೆ ಯಾರೂ ಬೆಚ್ಚಿಬೀಳಲಿಲ್ಲ.

1902ರಲ್ಲಿ ವೈಲಿ ಬೇರೆಯದೇ ದಾರಿ ಹಿಡಿದ. ಸಂಸತ್ತು ಕೊಟ್ಟ 5,000 ಡಾಲರ್ ಹಣದಲ್ಲಿ ತನ್ನ ಕಚೇರಿಯ ನೆಲಮಾಳಿಗೆಯಲ್ಲಿ ಅಡುಗೆಮನೆ, ಊಟದ ಕೋಣೆ ತೆರೆದು ಹನ್ನೆರಡು ಮಂದಿ ಆರೋಗ್ಯವಂತ ತರುಣರನ್ನು ಪಂಕ್ತಿಗೆ ಕೂರಿಸಿದ. ಹೆಚ್ಚಿನವರು ಇಲಾಖೆಯ ಸಣ್ಣ ನೌಕರರು. ಊಟ ಪುಕ್ಕಟೆ. ಬೇರೆಲ್ಲೂ ತಿನ್ನಕೂಡದು, ಮಲಮೂತ್ರಗಳನ್ನು ಪರೀಕ್ಷೆಗೆ ಒಪ್ಪಿಸಬೇಕು, ಕೆಡುಕಾದರೆ ಸರ್ಕಾರದ ಮೇಲೆ ದಾವೆ ಹೂಡುವಂತಿಲ್ಲ. ಮೊದಲು ಬೆಣ್ಣೆಯಲ್ಲಿ ಬೋರಾಕ್ಸ್ ಬೆರೆಸಿದರು. ತರುಣರು ಬೆಣ್ಣೆಯನ್ನೇ ದೂರವಿಟ್ಟರು. ಕೊನೆಗೆ ಗುಳಿಗೆಯಲ್ಲಿ ತುಂಬಿ ಕೊಡಬೇಕಾಯಿತು. ಆಮೇಲೆ ಸ್ಯಾಲಿಸಿಲಿಕ್ ಆಮ್ಲ, ಬೆಂಜೋಯೇಟ್, ಫಾರ್ಮಾಲ್ಡಿಹೈಡ್. ತಲೆನೋವು, ಹೊಟ್ಟೆನೋವು, ವಾಂತಿ. ಪತ್ರಿಕೆಗಳು ಇವರನ್ನು ವಿಷದಳವೆಂದು ಕರೆದವು, ಹಾಡು ಕಟ್ಟಿ ನಕ್ಕವು. ನಗುತ್ತಲೇ ದೇಶ ತನ್ನ ತಟ್ಟೆಯನ್ನು ನೋಡಿಕೊಂಡಿತು.

ಈ ಪ್ರಯೋಗವನ್ನು ನನ್ನ ವಿದ್ಯಾರ್ಥಿಯೊಬ್ಬ ಇಂದು ತಂದಿದ್ದರೆ ನಾನೇ ಒಪ್ಪುತ್ತಿರಲಿಲ್ಲ. ಹೋಲಿಕೆಗೆ ಪ್ರತ್ಯೇಕ ಗುಂಪಿರಲಿಲ್ಲ. ನೈತಿಕ ಪ್ರಶ್ನೆಗಳಂತೂ ಇದ್ದೇ ಇವೆ. ಆದರೂ ವಿಷದಳ ಮುಟ್ಟಿದಷ್ಟು ಜನರನ್ನು ವರದಿಗಳ ರಾಶಿ ಮುಟ್ಟಿರಲಿಲ್ಲ. ಮಹಿಳಾ ಸಂಘಗಳು ವೈಲಿಯ ಬೆನ್ನಿಗೆ ನಿಂತವು. ಅಪ್ಟನ್ ಸಿಂಕ್ಲೇರ್‌ನ ಕಾದಂಬರಿ ಕಸಾಯಿಖಾನೆಗಳ ಹೊಲಸನ್ನು ಬಯಲಿಗಿಟ್ಟಿತು. 1906ರ ಜೂನ್ 30ರಂದು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಶುದ್ಧ ಆಹಾರ ಕಾಯ್ದೆಗೆ ಸಹಿ ಹಾಕಿದ. ಮಿಠಾಯಿಯಲ್ಲಿ ಸೀಸದ ಕ್ರೋಮೇಟ್ ಹಳದಿ, ಬಿಳಿಮಣ್ಣು, ವಿಷದ ಬಣ್ಣ ಬೆರೆಸುವುದನ್ನು ಆ ಕಾಯ್ದೆ ಹೆಸರು ಹಿಡಿದೇ ನಿಷೇಧಿಸಿತು.

ಗೆದ್ದವನ ಕಥೆ ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. 1908ರಲ್ಲಿ ಅಧ್ಯಕ್ಷರ ಎದುರು ವೈಲಿ ಸ್ಯಾಕರೀನನ್ನು ಹಾನಿಕರವೆಂದು ಬಿಟ್ಟ. ರೂಸ್‌ವೆಲ್ಟ್‌ಗೆ ವೈದ್ಯರು ದಿನವೂ ಕೊಡುತ್ತಿದ್ದುದು ಅದನ್ನೇ! ಆತ ಕೆರಳಿದ. ವೈಲಿಯ ತೀರ್ಮಾನಗಳನ್ನು ಮರುಪರಿಶೀಲಿಸಲು ತಜ್ಞರ ಮಂಡಳಿ ನೇಮಕವಾಯಿತು. ಅದರ ಅಧ್ಯಕ್ಷ ಐರಾ ರೆಮ್ಸನ್. ಸ್ಯಾಕರೀನ್ ಪತ್ತೆಯಾದದ್ದು ಅದೇ ರೆಮ್ಸನ್‌ನ ಪ್ರಯೋಗಾಲಯದಲ್ಲಿ. ಬೆಂಜೋಯೇಟ್ ಮಿತಪ್ರಮಾಣದಲ್ಲಿ ಅಪಾಯವಲ್ಲವೆಂದು ಮಂಡಳಿ ಹೇಳಿತು. ಅದು ಇಂದಿಗೂ ಜಾಮ್, ಉಪ್ಪಿನಕಾಯಿಗಳಲ್ಲಿ ಮಿತಿಯೊಳಗೆ ಬಳಕೆಯಲ್ಲಿದೆ. ಈ ವಿಷಯದಲ್ಲಿ ವೈಲಿ ಅತಿಗೆ ಹೋಗಿದ್ದನೆಂದು ಒಪ್ಪಿಕೊಳ್ಳಬೇಕು.

1911ರ ಕೋಕಾಕೋಲ ಮೊಕದ್ದಮೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಕಾಯ್ದೆ ತಡೆದದ್ದು ಆಹಾರಕ್ಕೆ ಸೇರಿಸಿದ ಹಾನಿಕರ ಪದಾರ್ಥವನ್ನು. ಪಾನೀಯದ ಕೆಫೀನ್ ಸೇರಿಸಿದ್ದೋ, ಅದರ ಸಹಜ ಅಂಗವೋ? ಕೆಳ ನ್ಯಾಯಾಲಯ ಕಂಪನಿಯ ಪರ ನಿಂತಿತು. 1916ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಕಡೆಗೆ ರಾಜಿಯಾಗಿ ಕೆಫೀನ್ ಪ್ರಮಾಣ ಇಳಿಯಿತು. ಅಷ್ಟರಲ್ಲಿ ವೈಲಿ ಸರ್ಕಾರದಲ್ಲಿರಲಿಲ್ಲ. ತಜ್ಞನೊಬ್ಬನಿಗೆ ಹೆಚ್ಚು ಸಂಭಾವನೆ ಕೊಟ್ಟ ಆರೋಪ ಹೊರಿಸಲಾಗಿ, ಅಧ್ಯಕ್ಷ ಟಾಫ್ಟ್ ದೋಷಮುಕ್ತಗೊಳಿಸಿದ್ದರೂ, ದಿನನಿತ್ಯದ ಅಡೆತಡೆಗಳಿಗೆ ಬೇಸತ್ತು 1912ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟ. ಅದಕ್ಕೆ ಒಂದು ವರ್ಷ ಮೊದಲು, ಅರವತ್ತಾರರ ವಯಸ್ಸಿನಲ್ಲಿ, ಮಹಿಳಾ ಮತದಾನದ ಹೋರಾಟಗಾರ್ತಿ ಆ್ಯನಾ ಕೆಲ್ಟನ್‌ಳನ್ನು ಮದುವೆಯಾಗಿದ್ದ. ಮುಂದೆ ಗೃಹಿಣಿಯರ ಪತ್ರಿಕೆಯೊಂದರ ಪ್ರಯೋಗಾಲಯದಿಂದಲೇ ಆಹಾರ ಪರೀಕ್ಷಿಸಿ ಬರೆಯುತ್ತಾ ಹೋದ. 1930ರ ಜೂನ್ 30ರಂದು ತೀರಿಕೊಂಡ. ಕಾಯ್ದೆಗೆ ಸಹಿ ಬಿದ್ದು ಅಂದಿಗೆ ಸರಿಯಾಗಿ 24 ವರ್ಷ.

ಈಗ ನನ್ನ ಮೇಜಿನ ಮೇಲಿನ ಚಾಕೊಲೇಟಿಗೆ ಬರುತ್ತೇನೆ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಕನ್ಸೂಮರ್ ರಿಪೋರ್ಟ್ಸ್ ಸಂಸ್ಥೆ 28 ಬಗೆಯ ಕಪ್ಪು ಚಾಕೊಲೇಟುಗಳನ್ನು ಪರೀಕ್ಷಿಸಿ ಎಲ್ಲದರಲ್ಲೂ ಸೀಸ, ಕ್ಯಾಡ್ಮಿಯಂ ಕಂಡಿತು. ಇವನ್ನು ಯಾರೂ ಬೇಕೆಂದು ಬೆರೆಸಿದ್ದಲ್ಲ. ಕ್ಯಾಡ್ಮಿಯಂ ಮಣ್ಣಿನಿಂದ ಬೇರಿನ ಮೂಲಕ ಕೋಕೊ ಬೀಜ ಸೇರುತ್ತದೆ. ಸೀಸ ಬಹುಪಾಲು ಬೀಜ ಒಣಗಿಸುವಾಗ ಕೂರುವ ಧೂಳಿನಿಂದ. ಸೀಸ ಎಳೆಯರ ಮಿದುಳಿಗೆ, ಕ್ಯಾಡ್ಮಿಯಂ ಮೂತ್ರಪಿಂಡಕ್ಕೆ ಕೆಡುಕು. ಒಂದು ತುಂಡಿನಿಂದ ಆಕಾಶ ಕಳಚಿ ಬೀಳದು; ದಿನವೂ ಸೇರುವ ಕಣಗಳದ್ದೇ ಚಿಂತೆ. ಸೇರಿಸಿದ್ದೋ, ಸೇರಿದ್ದೋ ಎಂಬುದು ನ್ಯಾಯಾಲಯಕ್ಕೆ ಮುಖ್ಯವಿರಬಹುದು, ಮಗುವಿನ ರಕ್ತಕ್ಕಲ್ಲ. ಐರೋಪ್ಯ ಒಕ್ಕೂಟ ಚಾಕೊಲೇಟಿನ ಕ್ಯಾಡ್ಮಿಯಂಗೆ ಮಿತಿ ಹಾಕಿದ್ದು 2019ರಲ್ಲಿ.

ಬೆರೆಸುವವರೂ ಮುಗಿದಿಲ್ಲ. 1906ರಲ್ಲಿ ನಿಷೇಧಗೊಂಡ ಅದೇ ಸೀಸದ ಹಳದಿ ಬಾಂಗ್ಲಾದೇಶದ ಅರಿಸಿನದಲ್ಲಿ ಸಿಕ್ಕಿತು. 2019ರಲ್ಲಿ ಸುದ್ದಿಯಾಗಿ, ಸರ್ಕಾರ ದಂಡ ವಿಧಿಸತೊಡಗಿದ ಮೇಲೆ, 2021ರ ಮಾದರಿಗಳಲ್ಲಿ ಅದು ಕಾಣಲಿಲ್ಲ. ನಮ್ಮ ರಾಜ್ಯ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗಳ ಕೃತಕ ಬಣ್ಣವನ್ನು ನಿಷೇಧಿಸಿದ್ದು 2024ರ ಮಾರ್ಚ್‌ನಲ್ಲಿ. ಪರೀಕ್ಷೆ, ಪ್ರಕಟಣೆ, ಶಿಕ್ಷೆ: ಈ ಮೂರೂ ಕೂಡಿದರೆ ತಟ್ಟೆ ಶುದ್ಧವಾಗುತ್ತದೆ. ನಮ್ಮಲ್ಲಿ ಮಿತಿಗಳಿವೆ, ಪ್ರಾಧಿಕಾರವಿದೆ. ಪರೀಕ್ಷೆಯ ಫಲಿತಾಂಶವನ್ನು ಬ್ರ್ಯಾಂಡಿನ ಹೆಸರಿನೊಂದಿಗೆ ನಿಯಮಿತವಾಗಿ ಜನರ ಮುಂದಿಡುವ ರೂಢಿ ಬೇರೂರಬೇಕಿದೆ.

ಮೊಮ್ಮಗಳಿಗೆ ಚಾಕೊಲೇಟನ್ನು ಹಿಂದಿರುಗಿಸಿದೆ, ಅರ್ಧ ಮುರಿದು. ಉಳಿದರ್ಧಕ್ಕೆ ಅವಳು ಕಾರಣ ಕೇಳಿದಳು. ಹನ್ನೆರಡು ಮಂದಿ ತರುಣರು ಗೊತ್ತಿದ್ದೂ ವಿಷ ಉಂಡ ಕಥೆ ಹೇಳಿದೆ. ಗೊತ್ತಿಲ್ಲದೆ ಉಣ್ಣುವವರು ಇರಬಾರದೆಂದು ಅವರು ಉಂಡರು. ಆ ಋಣ ನಮ್ಮ ಮೇಲೆ ಇನ್ನೂ ಇದೆ.