ಡಾಕ್ಟರ್ ಡೆನಿಸ್ ಬರ್ಕಿಟ್ ಎಂಬವರ ಚರಿತ್ರೆ

ಧಾನ್ಯವನ್ನು ಕುಟ್ಟಿ ಕೇರಿ ತವುಡನ್ನು ದನಗಳಿಗೆ ಹಾಕುವ ವಾಡಿಕೆಯನ್ನು ನಾವೆಲ್ಲರೂ ಬಲ್ಲೆವು. ಹೀಗೆ ಉಪಯೋಗವಿಲ್ಲದ್ದೆಂದು ನಾವು ಎಣಿಸುವ ನಾರಿನ ಬೆಲೆಯನ್ನು ಲೋಕಕ್ಕೆ ತಿಳಿಸಿದ ಒಬ್ಬ ವೈದ್ಯರ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ.

ಡೆನಿಸ್ ಬರ್ಕಿಟ್ ಎಂಬವರು 1911ನೆಯ ಇಸವಿಯಲ್ಲಿ ಐರ್ಲೆಂಡಿನ ಎನಿಸ್ಕಿಲ್ಲೆನ್ ಪಟ್ಟಣದಲ್ಲಿ ಹುಟ್ಟಿದರು. ಅವರ ತಂದೆಯು ಹಕ್ಕಿಗಳ ಕಾಲಿಗೆ ಬಣ್ಣದ ಬಳೆಗಳನ್ನು ತೊಡಿಸಿ, ಯಾವ ಹಕ್ಕಿ ಎಲ್ಲಿ ವಾಸಿಸುತ್ತದೆಂದು ನಕ್ಷೆ ಬರೆಯುತ್ತಿದ್ದರು. ಹನ್ನೊಂದನೆಯ ವಯಸ್ಸಿನಲ್ಲಿ ಕಲ್ಲೇಟು ತಗಲಿ ಬಾಲಕನ ಒಂದು ಕಣ್ಣು ಹೋಯಿತು. ಡಬ್ಲಿನಿನಲ್ಲಿ ಇಂಜಿನಿಯರ್ ವಿದ್ಯೆಗೆ ಸೇರಿದವರು, ದೈವಭಕ್ತರಾದ ವಿದ್ಯಾರ್ಥಿಗಳ ಸಹವಾಸದಿಂದ ಮನಸ್ಸು ತಿರುಗಿ ವೈದ್ಯವಿದ್ಯೆಯನ್ನು ಕಲಿತರು. ಆಫ್ರಿಕಕ್ಕೆ ಹೋಗಬೇಕೆಂದು ಬೇಡಿಕೊಂಡಾಗ, ಒಕ್ಕಣ್ಣನೆಂಬ ಕಾರಣದಿಂದ ಸರಕಾರದವರು ಮೊದಲು ಒಪ್ಪಲಿಲ್ಲ. ಆದರೂ ಅವರು ಆಶೆ ಬಿಡದೆ, ಯುದ್ಧಕಾಲದಲ್ಲಿ ಸೈನ್ಯದ ವೈದ್ಯರಾಗಿ ದುಡಿದು, 1946ರಲ್ಲಿ ಯುಗಾಂಡ ದೇಶವನ್ನು ಸೇರಿದರು.

ಅಲ್ಲಿ 1957ರಲ್ಲಿ ದವಡೆಗಳು ಬಾತುಕೊಂಡ ಒಂದು ಮಗುವನ್ನು ಕಂಡರು. ಈ ರೋಗವು ಯಾವ ಸೀಮೆಗಳಲ್ಲಿ ಉಂಟು, ಯಾವ ಸೀಮೆಗಳಲ್ಲಿ ಇಲ್ಲವೆಂದು ತಿಳಿಯುವದಕ್ಕೆ 1961ರಲ್ಲಿ ಇಬ್ಬರು ಜೊತೆಗಾರರೊಂದಿಗೆ ಹಳೇ ಮೋಟಾರು ಬಂಡಿಯಲ್ಲಿ ಸುಮಾರು ಹತ್ತು ಸಾವಿರ ಮೈಲು ಸಂಚರಿಸಿದರು. ಆ ಮಕ್ಕಳ ಕ್ಯಾನ್ಸರಿಗೆ ಇಂದಿಗೂ ಅವರ ಹೆಸರೇ ಉಂಟು.

1966ರಲ್ಲಿ ಇಂಗ್ಲೆಂಡಿಗೆ ತಿರುಗಿ ಬಂದ ಮೇಲೆ, ಕ್ಲೀವ್ ಎಂಬ ನೌಕಾಸೈನ್ಯದ ವೈದ್ಯರಿಂದ ಒಂದು ಹೊಸ ವಿಚಾರವನ್ನು ಕೇಳಿದರು. ನುಣ್ಣಗಿನ ಬಿಳೀ ಹಿಟ್ಟೂ ಸಕ್ಕರೆಯೂ ಅನೇಕ ರೋಗಗಳಿಗೆ ಮೂಲವೆಂಬದೇ ಅದು. ಬರ್ಕಿಟರು ಅದನ್ನು ಕೇಳಿ ಸುಮ್ಮನಿರಲಿಲ್ಲ. ಆಫ್ರಿಕದ ಮಿಷನ್ ಆಸ್ಪತ್ರೆಗಳಿಗೆ ಕಾಗದಗಳನ್ನು ಬರೆದು, ಯಾವ ರೋಗಿಗಳು ಬರುತ್ತಾರೆಂದು ವಿಚಾರಿಸಿದರು. ಶೀಮೆಯಲ್ಲಿ ಬಹು ಜನರನ್ನು ಕೊಲ್ಲುವ ದೊಡ್ಡ ಕರುಳಿನ ಕ್ಯಾನ್ಸರು ಆಫ್ರಿಕದ ಹಳ್ಳಿಗಳಲ್ಲಿ ಅಪರೂಪವೆಂದು ತಿಳಿಯಬಂತು. ಉಂಡದ್ದು ದೇಹದಿಂದ ಹೊರಗೆ ಬರುವದಕ್ಕೆ ಆ ಹಳ್ಳಿಗರಲ್ಲಿ ಸುಮಾರು ಒಂದೂವರೆ ದಿನವೂ, ಇಂಗ್ಲೆಂಡಿನವರಲ್ಲಿ ಮೂರು ದಿನಕ್ಕಿಂತ ಹೆಚ್ಚೂ ಹಿಡಿಯುತ್ತಿತ್ತೆಂದು ಅವರೂ ಜೊತೆಯವರೂ 1972ರಲ್ಲಿ ಪ್ರಕಟಿಸಿದರು.

ಈ ವ್ಯತ್ಯಾಸದಿಂದ ಆಗುವದೇನು? ಕೊಬ್ಬು ಜೀರ್ಣವಾಗುವದಕ್ಕೋಸ್ಕರ ನಮ್ಮ ಯಕೃತ್ತು ಪಿತ್ತರಸವನ್ನು ಕರುಳಿಗೆ ಸುರಿಸುತ್ತದೆ. ಅದರಲ್ಲಿರುವ ಪಿತ್ತಾಮ್ಲಗಳ ಹೆಚ್ಚಿನ ಪಾಲು ಚಿಕ್ಕ ಕರುಳಿನ ಕೊನೆಯಿಂದ ಯಕೃತ್ತಿಗೆ ಹಿಂದಿರುಗುತ್ತದೆ. ಸ್ವಲ್ಪ ಮಾತ್ರ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಬೇರೆ ವಿಧವಾದ ತೀಕ್ಷ್ಣ ಆಮ್ಲಗಳಾಗಿ ಮಾರ್ಪಡಿಸುತ್ತವೆ. ಕೊಬ್ಬು ಹೆಚ್ಚಿದಷ್ಟೂ ಪಿತ್ತವು ಹೆಚ್ಚುತ್ತದೆ. ಈ ಆಮ್ಲಗಳು ಬಹುಕಾಲ ಕರುಳಿನ ಒಳಪೊರೆಯನ್ನು ಕೆಣಕುತ್ತಿದ್ದರೆ ಅಲ್ಲಿ ಚಿಕ್ಕ ಗಂಟುಗಳು ಹುಟ್ಟಲೂ, ಅವುಗಳಲ್ಲಿ ಕೆಲವು ವರುಷಗಳ ಮೇಲೆ ಕ್ಯಾನ್ಸರಾಗಲೂ ಸಹಾಯವಾಗುತ್ತದೆಂದು ವೈದ್ಯರು ಎಣಿಸುತ್ತಾರೆ. ನಾರು ಮಲವನ್ನು ಹೆಚ್ಚಿಸಿ, ಆಮ್ಲವನ್ನು ತೆಳುಮಾಡಿ, ಎಲ್ಲವನ್ನೂ ಬೇಗನೆ ಹೊರಗೆ ಸಾಗಿಸುತ್ತದೆ.

ಆದರೂ ಸತ್ಯವನ್ನು ಮರೆಮಾಡಲಾಗದು. 2000ದಲ್ಲಿ ಪ್ರಕಟವಾದ ಅಮೇರಿಕದ ಪರೀಕ್ಷೆಯಲ್ಲಿ, ಗಂಟು ತೆಗೆಸಿಕೊಂಡವರಿಗೆ ಸುಮಾರು ಮೂರು ವರುಷ ಗೋಧಿಯ ತವುಡನ್ನು ಕೊಟ್ಟರೂ ಹೊಸ ಗಂಟುಗಳು ಕಡಿಮೆಯಾಗಲಿಲ್ಲ. ತವುಡೊಂದೇ ಮದ್ದಲ್ಲವೆಂದು ಇದರಿಂದ ಅರಿಯತಕ್ಕದ್ದು. ಆದರೆ 2015ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯಲ್ಲಿ, ಅಮೇರಿಕದ ಇಪ್ಪತ್ತು ಮಂದಿ ಕರಿಯರೂ ದಕ್ಷಿಣ ಆಫ್ರಿಕದ ಇಪ್ಪತ್ತು ಮಂದಿ ಹಳ್ಳಿಗರೂ ಎರಡು ವಾರ ತಮ್ಮ ಊಟವನ್ನು ಅದಲುಬದಲು ಮಾಡಿಕೊಂಡರು. ನಾರು ಹೆಚ್ಚಾಗಿ ಕೊಬ್ಬು ಕಡಿಮೆಯಾದ ಅಮೇರಿಕದವರಲ್ಲಿ ಆ ತೀಕ್ಷ್ಣ ಪಿತ್ತಾಮ್ಲಗಳು ನೂರಕ್ಕೆ 70ರಷ್ಟು ಇಳಿದವು. ಹಳ್ಳಿಗರಲ್ಲಿಯೋ ಹಲವು ಪಟ್ಟು ಏರಿದವು.

ಬರ್ಕಿಟರು 1993ರಲ್ಲಿ ಇಂಗ್ಲೆಂಡಿನಲ್ಲಿ ತೀರಿಹೋದರು. ಕೊನೆಯ ವರೆಗೂ ಊರೂರು ತಿರುಗಿ, ಸಾಮಾನ್ಯರಿಗೂ ತಿಳಿಯುವ ಮಾತಿನಲ್ಲಿ ಈ ಸಂಗತಿಯನ್ನು ಬೋಧಿಸುತ್ತಿದ್ದರು. ಬಡವರ ಒರಟು ಧಾನ್ಯ, ಬೇಳೆಕಾಳು, ಸೊಪ್ಪುಗಳನ್ನು ಕೀಳೆಂದು ನಾವು ಎಣಿಸದಿರೋಣ. ಇನ್ನೊಂದು ಮಾತು: ಮಲದಲ್ಲಿ ರಕ್ತ ಕಂಡರೆ, ಇಲ್ಲವೆ ಮಲವಿಸರ್ಜನೆಯ ರೀತಿ ವಾರಗಟ್ಟಲೆ ಬದಲಾಗಿದ್ದರೆ, ಮೂಲವ್ಯಾಧಿಯೆಂದು ನಾಚಿಕೆಯಿಂದ ಮುಚ್ಚಿಡದೆ ವೈದ್ಯರ ಬಳಿಗೆ ಹೋಗಬೇಕು. ಗಂಟನ್ನು ಸಕಾಲದಲ್ಲಿ ತೆಗೆದುಹಾಕಿದರೆ ಅದು ಕ್ಯಾನ್ಸರಾಗುವದಿಲ್ಲ.