ಥೇಮ್ಸ್ ತೀರದಲ್ಲಿ ಮೂಡಿದ ಕೈರೊ ಬೀದಿಗಳು

ತಲೆಗೆ ರುಮಾಲು ಸುತ್ತಿ ಅಂಗಡಿಯಲ್ಲಿ ಗಿರಾಕಿಗಾಗಿ ಕಾದಿರುವ ಗಡ್ಡದ ವರ್ತಕ. 1860ರ 'ರತ್ನಗಂಬಳಿ ವ್ಯಾಪಾರಿ' ಎಂಬ ಜಲವರ್ಣ ಚಿತ್ರದ ಈ ವ್ಯಕ್ತಿ ಈಜಿಪ್ಟಿನವನಲ್ಲ. ಚಿತ್ರ ಬರೆದ ಜಾನ್ ಫ್ರೆಡರಿಕ್ ಲೂಯಿಸ್‌ನೇ ಎಂಬುದು ಕಲಾ ಇತಿಹಾಸಕಾರರ ಅಭಿಪ್ರಾಯ. ಆ ವೇಳೆಗೆ ಆತ ಕೈರೊ ಬಿಟ್ಟು 9 ವರ್ಷಗಳಾಗಿದ್ದವು.

ಲೂಯಿಸ್ ಹುಟ್ಟಿದ್ದು 1804ರ ಜುಲೈ 14ರಂದು, ಲಂಡನ್ನಿನಲ್ಲಿ. ತಂದೆ ಅಚ್ಚುಫಲಕ ಕೊರೆಯುವ ಕಲಾವಿದ. ಎಳೆಯ ವಯಸ್ಸಿನಲ್ಲಿ ಪ್ರಾಣಿಗಳ ಚಿತ್ರಗಳಿಂದ ಕೈ ಪಳಗಿಸಿಕೊಂಡ ಲೂಯಿಸ್, 1832ರಲ್ಲಿ ಸ್ಪೇನಿಗೆ ತೆರಳಿ ಅಲ್ಲಿನ ಜನಜೀವನದ ಚಿತ್ರಗಳಿಂದ ಹೆಸರು ಗಳಿಸಿದ. ಇಸ್ತಾಂಬುಲ್ ಮಾರ್ಗವಾಗಿ 1841ರಲ್ಲಿ ಕೈರೊ ತಲುಪಿದವನು ಅಲ್ಲಿಯೇ ಹತ್ತು ವರ್ಷ ನೆಲೆಸಿದ.

ಯುರೋಪಿಯನ್ನರು ಇಳಿದುಕೊಳ್ಳುತ್ತಿದ್ದ ಹೋಟೆಲುಗಳ ಕಡೆ ಆತ ಸುಳಿಯಲಿಲ್ಲ. ಸ್ಥಳೀಯರ ಬಡಾವಣೆಯಲ್ಲಿ ಮನೆ ಹಿಡಿದು ಅವರ ಉಡುಪನ್ನೇ ತೊಟ್ಟ. 1844ರಲ್ಲಿ ಕಾಣಲು ಬಂದ ಕಾದಂಬರಿಕಾರ ಥ್ಯಾಕರೆ, ಹಳೆಯ ಗೆಳೆಯ ಸೋಮಾರಿ ಸಿರಿವಂತನಾಗಿದ್ದಾನೆಂದು ತನ್ನ ಪ್ರವಾಸ ಕಥನದಲ್ಲಿ ತಮಾಷೆಯಾಗಿ ಬರೆದ. ಆ ಮಾತು ಅಷ್ಟು ನಿಜವಲ್ಲ. ಲಂಡನ್ನಿನ ಪ್ರದರ್ಶನಗಳಿಗೆ ಒಂದು ಚಿತ್ರವನ್ನೂ ಕಳುಹಿಸದಿದ್ದ ಆ ವರ್ಷಗಳಲ್ಲಿ ಲೂಯಿಸ್ ನೂರಾರು ರೇಖಾಚಿತ್ರಗಳನ್ನು ಕೂಡಿಡುತ್ತಿದ್ದ. 1847ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಮರಿಯನ್ ಹಾರ್ಪರ್‌ಳನ್ನು ಮದುವೆಯಾದ.

1850ರಲ್ಲಿ ಅಂತಃಪುರದ ಚಿತ್ರವೊಂದು ಲಂಡನ್ ಪ್ರದರ್ಶನದಲ್ಲಿ ಕಾಣಿಸಿಕೊಂಡಾಗ ಜನ ಬೆರಗಾದರು. ಮರುವರ್ಷ ಲೂಯಿಸ್ ತಾಯ್ನಾಡಿಗೆ ಮರಳಿದ. ಮತ್ತೆಂದೂ ಈಜಿಪ್ಟಿಗೆ ಹೋಗಲಿಲ್ಲ.

ಮುಂದಿನ ಕಾಲು ಶತಮಾನ ಆತನ ಕೈರೊ ಮೂಡಿದ್ದು ಥೇಮ್ಸ್ ನದಿ ತೀರದ ವಾಲ್ಟನ್ ಎಂಬ ಊರಿನಲ್ಲಿ. ಹಳೆಯ ರೇಖಾಚಿತ್ರಗಳು, ಹೊತ್ತು ತಂದ ಉಡುಪುಗಳು, ರೂಪದರ್ಶಿಯಾಗಿ ಹೆಂಡತಿ, ಇವಿಷ್ಟೇ ಬಂಡವಾಳ. ಮಕ್ಕಳ ಮಠ, ಖಾನ್ ಅಲ್-ಖಲೀಲಿ ಪೇಟೆ, ಮರದ ಜಾಲಂಧ್ರದಿಂದ ನೆಲಕ್ಕೆ ಚೆಲ್ಲುವ ಬಿಸಿಲಿನ ಚುಕ್ಕಿಗಳು ಎಲ್ಲವೂ ಕೂದಲೆಳೆಯಷ್ಟು ಸೂಕ್ಷ್ಮವಾಗಿ ಅಲ್ಲಿ ರೂಪುಗೊಂಡವು. ಈ ಕುಸುರಿ ಆತನನ್ನು ಹಣ್ಣು ಮಾಡಿತು. ಜಲವರ್ಣದಿಂದ ವರ್ಷಕ್ಕೆ 500 ಪೌಂಡ್ ಸಿಕ್ಕರೆ, ತೈಲವರ್ಣದಿಂದ ಕಡಿಮೆ ಶ್ರಮಕ್ಕೆ ಅದರ ಎರಡರಷ್ಟು ಸಿಗುತ್ತದೆ ಎಂಬುದು ಆತನ ಲೆಕ್ಕ. 1858ರಲ್ಲಿ ಜಲವರ್ಣ ಕಲಾವಿದರ ಸಂಘದ ಅಧ್ಯಕ್ಷ ಸ್ಥಾನವನ್ನೇ ತೊರೆದ. ರಾಯಲ್ ಅಕಾಡೆಮಿ 1865ರಲ್ಲಿ ಪೂರ್ಣ ಸದಸ್ಯತ್ವ ನೀಡಿತು.

ಅತ್ತ ನಿಜವಾದ ಕೈರೊ ಬದಲಾಗುತ್ತಿತ್ತು. 1856ರಲ್ಲಿ ಅಲೆಕ್ಸಾಂಡ್ರಿಯಾದಿಂದ ರೈಲು ಬಂತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಖೇದಿವ್ ಇಸ್ಮಾಯಿಲ್ ಪ್ಯಾರಿಸ್ ಮಾದರಿಯ ಅಗಲ ರಸ್ತೆಗಳನ್ನು ನಿರ್ಮಿಸಿದ. ಲೂಯಿಸ್‌ನ ಬೀದಿಗಳಲ್ಲಿ ಇದಾವುದರ ಸುಳಿವೂ ಇಲ್ಲ. ಎಡ್ವರ್ಡ್ ಸಯೀದ್‌ನ 'ಓರಿಯಂಟಲಿಸಂ' 1978ರಲ್ಲಿ ಪ್ರಕಟವಾದ ಬಳಿಕ, ಪೂರ್ವ ದೇಶಗಳನ್ನು ಕಾಲ ನಿಂತ ಲೋಕವಾಗಿ ತೋರಿಸಿದ ಇಂಥ ಚಿತ್ರಗಳು ಕಟು ವಿಮರ್ಶೆಗೆ ಗುರಿಯಾದವು. ಆ ಆಕ್ಷೇಪ ಲೂಯಿಸ್‌ಗೂ ಅನ್ವಯಿಸುತ್ತದೆ. ಆದರೆ ಹತ್ತು ವರ್ಷ ಒಂದೇ ಊರಿನಲ್ಲಿ ಬಾಳಿ ಬಂದವನನ್ನು, ಒಂದೆರಡು ತಿಂಗಳು ಸುತ್ತಾಡಿ ಮರಳಿದ ಚಿತ್ರಕಾರರ ಸಾಲಿಗೆ ಸೇರಿಸುವುದು ಕಷ್ಟ. ಆತ ಬರೆದದ್ದು ನೆನಪಿನ ಕೈರೊ.

1876ರಲ್ಲಿ ರಾಯಲ್ ಅಕಾಡೆಮಿಯ ಗೋಡೆಯೇರಿದ್ದು ಕೈರೊದ ಘೂರಿ ಮಸೀದಿ ಬೀದಿಯ ಜನಜಂಗುಳಿ. ಅದೇ ಆಗಸ್ಟ್ 15ರಂದು ವಾಲ್ಟನ್‌ನಲ್ಲಿ ಲೂಯಿಸ್ ಕೊನೆಯುಸಿರೆಳೆದ. ಚಿತ್ರಶಾಲೆಯಲ್ಲಿ ಉಳಿದಿದ್ದ ಕೃತಿಗಳು 1877ರಲ್ಲಿ ಲಂಡನ್ನಿನಲ್ಲಿ ಹರಾಜಾದವು.