ಹರ್ಡೀಕರರು ಓದಿದ್ದು ಏನು ಗೊತ್ತಾ?

ಘಟಪ್ರಭಾ ಸ್ಟೇಷನ್ನಿನಲ್ಲಿ ಇಳಿದು ಆರೋಗ್ಯಧಾಮ ಎಲ್ಲಿ ಅಂತ ಕೇಳಿದರೆ ಯಾರು ಬೇಕಾದರೂ ದಾರಿ ತೋರಿಸ್ತಾರೆ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಡಾ. ನಾ.ಸು. ಹರ್ಡೀಕರ ಯಾರು ಅಂತ ಕೇಳಿ ನೋಡಿ. ಸೇವಾದಳದವರಲ್ಲವಾ, ಬಿಳಿ ಟೋಪಿ, ಕವಾಯತು ಅನ್ನೋ ಉತ್ತರ ಬಂದರೆ ಅದೇ ಹೆಚ್ಚು. ಕಾಲೇಜು ಮುಗಿಯೋವರೆಗೆ ನನಗೂ ಅಷ್ಟೇ ಗೊತ್ತಿತ್ತು. ಅವರು ಓದಿದ್ದು ಏನು ಅಂತ ತಿಳಿದ ಮೇಲೆ ನಮ್ಮೂರಿನ ಗಟಾರದ ಮುಂದೆ ಮೂಗು ಮುಚ್ಚಿಕೊಂಡು ಸುಮ್ಮನೆ ಹೋಗೋದು ಕಷ್ಟವಾಗಿದೆ.

ಹರ್ಡೀಕರರು ಹುಟ್ಟಿದ್ದು 1889ರಲ್ಲಿ, ಧಾರವಾಡದಲ್ಲಿ. ಕಲ್ಕತ್ತಾದಲ್ಲಿ ವೈದ್ಯಕೀಯ ಮುಗಿಸಿ ಅಮೆರಿಕಕ್ಕೆ ಹೋದರು. ಅಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಅವರು ಆರಿಸಿಕೊಂಡ ವಿಷಯ ಸಾರ್ವಜನಿಕ ಆರೋಗ್ಯ. ಅಂದರೆ ರೋಗಿಗೆ ಔಷಧ ಕೊಡೋದಕ್ಕಿಂತ ಮೊದಲಿನ ಕೆಲಸ: ಊರಿನ ಕುಡಿಯುವ ನೀರು ಎಲ್ಲಿಂದ ಬರುತ್ತೆ, ಹೊಲಸು ನೀರು ಎಲ್ಲಿಗೆ ಹೋಗುತ್ತೆ, ಎರಡೂ ಎಲ್ಲಿ ಕೂಡ್ತಾವೆ ಅಂತ ನೋಡೋದು. ಅಲ್ಲೇ ಲಾಲಾ ಲಜಪತರಾಯರ ಒಡನಾಟ ಸಿಕ್ಕಿತು, ಹೋಂ ರೂಲ್ ಲೀಗಿನ ಕೆಲಸ ಹೆಗಲಿಗೆ ಬಂತು. 1921ರಲ್ಲಿ ಅವರು ಮರಳಿ ಬರುವಷ್ಟರಲ್ಲಿ ಡಾಕ್ಟರಿಗಿಂತ ಚಳವಳಿಗಾರನೇ ದೊಡ್ಡವನಾಗಿದ್ದ.

ಮುಂದಿನದು ಪಠ್ಯಪುಸ್ತಕದಲ್ಲಿದೆ. 1923ರ ನಾಗಪುರ ಝಂಡಾ ಸತ್ಯಾಗ್ರಹ, ಕ್ಷಮೆ ಕೇಳದೆ ಜೈಲಿನಲ್ಲೇ ಉಳಿದ ಹುಬ್ಬಳ್ಳಿಯ ಸ್ವಯಂಸೇವಕರು, ಅದೇ ವರ್ಷದ ಕೊನೆಗೆ ಕಾಕಿನಾಡ ಅಧಿವೇಶನದಲ್ಲಿ ಹುಟ್ಟಿದ ಹಿಂದೂಸ್ತಾನಿ ಸೇವಾದಳ. ಜೈಲು ಅವರಿಗೆ ಆಗಾಗ ಬಿಡಾರವಾಯಿತು. 1932ರಲ್ಲಿ ಬ್ರಿಟಿಷರು ದಳವನ್ನೇ ನಿಷೇಧಿಸಿದರು.

ನಾನು ಸ್ವಲ್ಪ ನಿಲ್ಲಬೇಕು ಅನ್ನೋದು 1924ರ ಬೆಳಗಾವಿಯಲ್ಲಿ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ಅದು. ಗಂಗಾಧರರಾವ್ ದೇಶಪಾಂಡೆಯವರು ಊರ ಹೊರಗೆ ವಿಜಯನಗರ ಅಂತ ಹೆಸರಿಟ್ಟು ಡೇರೆಗಳ ಊರನ್ನೇ ಎಬ್ಬಿಸಿದ್ದರು. ನೀರಿಗಾಗಿ ತೋಡಿಸಿದ ಬಾವಿ ಟಿಳಕವಾಡಿಯಲ್ಲಿ ಇವತ್ತಿಗೂ ಇದೆ, ಕಾಂಗ್ರೆಸ್ ಬಾವಿ ಅಂತಾರೆ. ಹರ್ಡೀಕರರು ಅಲ್ಲಿ ಸ್ವಯಂಸೇವಕರ ಮುಂದಾಳು. ಭಾಷಣಗಳ ಇತಿಹಾಸ ಎಲ್ಲರೂ ಬರೆದಿದ್ದಾರೆ. ಸಾವಿರಾರು ಜನ ಉಳಿದುಕೊಂಡ ಜಾಗದಲ್ಲಿ ಕಕ್ಕಸು, ಕಸ, ಬಚ್ಚಲ ನೀರು ಇವನ್ನೆಲ್ಲ ಸಂಭಾಳಿಸಿದ ಹುಡುಗರ ಬಗ್ಗೆ ಒಂದೆರಡು ಸಾಲು ಸಿಕ್ಕರೆ ಪುಣ್ಯ.

1929ರಲ್ಲಿ ಡಾ. ಕೊಕಟನೂರ, ಡಾ. ವೈದ್ಯ ಅವರ ಜೊತೆ ಸೇರಿ ಘಟಪ್ರಭಾದಲ್ಲಿ ಕರ್ನಾಟಕ ಆರೋಗ್ಯಧಾಮ ಶುರು ಮಾಡಿದರು. ದೊಡ್ಡ ಪೇಟೆ ಬಿಟ್ಟು ಹೊಳಿ ಸೀಮೆಗೆ ಬಂದದ್ದು ನನಗೆ ಸಣ್ಣ ಮಾತಾಗಿ ಕಾಣೋದಿಲ್ಲ. ಆಗಲೇ ಈ ಹೊಳಿ ದುಡಿಯುತ್ತಿತ್ತು: ಗೋಕಾಕ ಫಾಲ್ಸ್‌ನಲ್ಲಿ 1880ರ ದಶಕದಿಂದ ನೂಲಿನ ಗಿರಣಿ, 1887ರಿಂದ ನೀರಿನಿಂದಲೇ ವಿದ್ಯುತ್ತು, 1897ರಿಂದ ಧೂಪದಾಳದ ಒಡ್ಡು. ಮುಂದೆ ಹುಕ್ಕೇರಿ ತಾಲ್ಲೂಕಿನಲ್ಲಿ ಹಿಡಕಲ್ ಡ್ಯಾಂ ಬಂತು. ಕಾಲುವೆ ಹರಿದಲ್ಲೆಲ್ಲ ಕಬ್ಬು, ಕಬ್ಬು ಬಂದಲ್ಲೆಲ್ಲ ಸಕ್ಕರೆ ಕಾರ್ಖಾನೆ. ಮೂಡಲಗಿ, ಗೋಕಾಕ, ಹುಕ್ಕೇರಿ ಮೂರೂ ತಾಲ್ಲೂಕಿನ ರೊಕ್ಕ ಇದರಲ್ಲೇ ಇದೆ, ಅದನ್ನು ಅಲ್ಲಗಳೆಯೋದಿಲ್ಲ. ನಮ್ಮ ಮನೆಯೂ ಕಬ್ಬಿನ ಬಿಲ್ಲಿನಿಂದಲೇ ಎದ್ದಿದ್ದು.

1952ರಿಂದ 1962ರವರೆಗೆ ಹರ್ಡೀಕರರು ರಾಜ್ಯಸಭೆಯಲ್ಲಿದ್ದರು, 1958ರಲ್ಲಿ ಪದ್ಮಭೂಷಣ ಬಂತು. ತೀರಿಕೊಂಡಿದ್ದು 1975ರ ಆಗಸ್ಟಿನಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 1974ರ ಮಾರ್ಚಿನಲ್ಲಿ, ಸಂಸತ್ತು ಜಲ ಮಾಲಿನ್ಯ ಕಾಯ್ದೆ ಮಾಡಿತ್ತು. ಮೊದಲ ದಿನದಿಂದಲೇ ಅದು ಜಾರಿಯಾದ 12 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದರೆ ಕೊಳಕು ಬಿಡಬಾರದು ಅನ್ನೋ ಆ ಕಲಮು ಹೊಳೆ ಮತ್ತು ಬಾವಿಯ ಹೆಸರು ಮಾತ್ರ ಹೇಳ್ತಿತ್ತು. ಚರಂಡಿ, ಭೂಮಿ ಅನ್ನೋ ಪದಗಳು ಸೇರಿದ್ದು 1988ರ ತಿದ್ದುಪಡಿಯಲ್ಲಿ.

ಈಗ ಅಂಕಿಗಳಿಗೆ ಬರ್ತೀನಿ. ಬೇಸರ ಮಾಡಬೇಡಿ, ರಾಜಕೀಯ ಇರೋದು ಇಲ್ಲೇ. ನೀರಿನಲ್ಲಿರೋ ಕೊಳೆಯನ್ನು ತಿನ್ನೋಕೆ ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಅನ್ನೋ ಅಳತೆಗೆ ಬಿ.ಓ.ಡಿ. ಅಂತಾರೆ. ಸಕ್ಕರೆ ಅಂಶದ ನೀರಿನಲ್ಲಿ ಇದು ಬಹಳ. ವಿಷ ಬೇಕಾಗಿಲ್ಲ, ಉಸಿರು ಸಿಗದೇ ಮೀನು ಸಾಯ್ತಾವೆ. ಕೇಂದ್ರದ ಸಾಮಾನ್ಯ ಮಾನದಂಡದ ಪ್ರಕಾರ ಕಾರ್ಖಾನೆ ನೀರನ್ನು ಹೊಳೆಗೆ ಬಿಡೋದಾದರೆ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. ಸಾರ್ವಜನಿಕ ಒಳಚರಂಡಿಗೆ ಬಿಡೋದಾದರೆ 350ರವರೆಗೆ ನಡೆಯುತ್ತೆ. ಈ ಸಡಿಲಿಕೆಯ ಹಿಂದೆ ಒಂದು ನಂಬಿಕೆ ಇದೆ: ಕೊಳವೆಯ ಕೊನೆಗೆ ಶುದ್ಧೀಕರಣ ಘಟಕ ಇದೆ, ಉಳಿದದ್ದನ್ನು ಅದು ನೋಡಿಕೊಳ್ಳುತ್ತೆ. ಘಟಕ ಇಲ್ಲದ ಊರಲ್ಲಿ, ಇದ್ದೂ ಓಡದ ಊರಲ್ಲಿ, ಆ 350 ನೇರವಾಗಿ ಹೊಳಿಗೇ ಬೀಳುತ್ತೆ. ಕಾಗದದ ಮೇಲೆ ಯಾರೂ ತಪ್ಪು ಮಾಡಿಲ್ಲ.

ಹರ್ಡೀಕರರು ಓದಿದ ದೇಶದಲ್ಲಿ ಇದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. ದೊಡ್ಡ ಘಟಕ ಇರೋ ಊರು ತನ್ನ ಘಟಕ ಎಷ್ಟು ತಡೆದುಕೊಳ್ಳುತ್ತೆ ಅಂತ ಲೆಕ್ಕ ಹಾಕಿ, ಕಾರ್ಖಾನೆಗಳಿಗೆ ತನ್ನದೇ ಸ್ಥಳೀಯ ಮಿತಿ ಹಾಕಬೇಕು. ಆಮ್ಲವೋ ಲೋಹವೋ ಒಮ್ಮೆಲೇ ನುಗ್ಗಿದರೆ ಘಟಕದೊಳಗಿನ ಸೂಕ್ಷ್ಮಜೀವಿಗಳೇ ಸತ್ತು ಇಡೀ ಊರಿನ ಹೊಲಸು ಹಾಗೇ ಹೊರಗೆ ಹೋಗುತ್ತೆ, ಅದಕ್ಕೆ. ನಮ್ಮ ನಿಯಮಗಳಲ್ಲೂ ರಾಜ್ಯ ಮಂಡಳಿ ಕೇಂದ್ರದ ಮಿತಿಗಿಂತ ಬಿಗಿಯಾದ ಮಿತಿ ಹಾಕಬಹುದು. ಹಾಕಿ ಅಂತ ಕೇಳೋ ಮತದಾರ ಬೇಕಷ್ಟೆ.

ಹೋದ ಹಂಗಾಮಿನಲ್ಲಿ ನಮ್ಮೂರ ಗಟಾರಕ್ಕೆ ಕಾಕಂಬಿ ಬಣ್ಣ ಬಂದಿತ್ತು. ಯಾವ ಕಡೆಯಿಂದ ಅಂತ ನಾನು ಇಲ್ಲಿ ಹೇಳೋದಿಲ್ಲ, ನೀರು ಪರೀಕ್ಷೆ ಮಾಡಿಸಿಲ್ಲ. ಕಚೇರಿಯೊಂದಕ್ಕೆ ಹೋಗಿ ಈ ಗಟಾರಕ್ಕೆ ಅನ್ವಯಿಸೋದು 30ರ ಮಿತಿಯೋ 350ರ ಮಿತಿಯೋ ಅಂತ ಕೇಳಿದೆ. ಅಲ್ಲಿದ್ದ ಅಣ್ಣ ಒಳ್ಳೆಯವರು, ಚಹಾ ತರಿಸಿದರು. ಅವರ ಹತ್ತಿರ ಉತ್ತರ ಇರಲಿಲ್ಲ.

ಕಳೆದ ವಾರ 10 ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೀನಿ. ಮೂರೇ ಪ್ರಶ್ನೆ: ಈ ಗಟಾರ ಯಾವ ಘಟಕಕ್ಕೆ ಸೇರುತ್ತೆ, ಅದಕ್ಕೆ ನೀರು ಬಿಡೋಕೆ ಯಾರ್ಯಾರಿಗೆ ಸಮ್ಮತಿ ಕೊಟ್ಟಿದ್ದೀರಿ, ಸಮ್ಮತಿಯಲ್ಲಿ ಬರೆದ ಬಿ.ಓ.ಡಿ. ಮಿತಿ ಎಷ್ಟು. ಉತ್ತರಕ್ಕೆ 30 ದಿನದ ಗಡುವಿದೆ. ಅಷ್ಟರಲ್ಲಿ ಮುಂದಿನ ಹಂಗಾಮ ಶುರುವಾಗಿರುತ್ತೆ.